ಅವಳಿ, ಜಂಟಿ, ಜೋಡಿ: ಯಾವ ಪದವಿಗೆ ಯಾವ ಹೆಸರು?

ಗೆಳೆಯರೇ,

ದಾವಣಗೆರೆಯಲ್ಲಿ ಬಿಇ ಮುಗಿಸಿ ಎಂ.ಟೆಕ್, ಪಿಎಚ್‌ಡಿ ಕಡೆ ನೋಡುವ ಮಕ್ಕಳಿಗೆ, ಅವರ ಮನೆಯವರಿಗೆ ಅಂತ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜೊಂದು ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೇರಿ ಕೋರ್ಸ್ ನಡೆಸಿದರೆ ಅದನ್ನು ಏನಂತ ಕರೆಯೋಣ? ಇಲ್ಲಿಗೆ ಬಂದು ನಿಂತಿದ್ದೇನೆ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಲ್ಲಿ ಟ್ವಿನ್ನಿಂಗ್, ಜಾಯಿಂಟ್ ಡಿಗ್ರಿ, ಡ್ಯುಯಲ್ ಡಿಗ್ರಿ ಅಂತ ಮೂರು ಬಗೆ ಇವೆ. ಜಾಯಿಂಟ್‌ಗೆ 'ಜಂಟಿ ಪದವಿ' ಚೆನ್ನಾಗಿ ಹೊಂದುತ್ತದೆ. ಬ್ಯಾಂಕಿನ ಜಂಟಿ ಖಾತೆಯಲ್ಲಿ ಪಾಸ್‌ಬುಕ್ ಒಂದು, ಹೆಸರು ಎರಡು. ಇಲ್ಲೂ ಪ್ರಮಾಣಪತ್ರ ಒಂದೇ, ಅದರ ಮೇಲೆ ಎರಡೂ ಸಂಸ್ಥೆಗಳ ಲಾಂಛನ.

ತೊಡಕು ಇರುವುದು ಟ್ವಿನ್ನಿಂಗ್‌ನಲ್ಲಿ, ಅಂದರೆ ಸ್ವಲ್ಪ ಇಲ್ಲಿ, ಸ್ವಲ್ಪ ವಿದೇಶದಲ್ಲಿ ಓದುವ ಕೋರ್ಸಿನಲ್ಲಿ. 'ಅವಳಿ ಪದವಿ' ಅಂತ ಬರೆದುಬಿಡುವುದು ಸುಲಭ. ಆದರೆ ಅವಳಿ ಅಂದ ಕೂಡಲೇ ನಮ್ಮ ಕಿವಿಗೆ ಎರಡು ಅಂತ ಕೇಳುತ್ತದೆ. ಅವಳಿ ಮಕ್ಕಳು, ಅವಳಿ ನಗರ ಹುಬ್ಬಳ್ಳಿ-ಧಾರವಾಡ, ಅಲ್ವಾ? ಟ್ವಿನ್ನಿಂಗ್‌ನಲ್ಲಿ ಸಿಗುವುದು ಒಂದೇ ಪದವಿ, ಅದೂ ಭಾರತದ ಸಂಸ್ಥೆಯದು ಮಾತ್ರ. ಹೊರದೇಶದಲ್ಲಿ ಗಳಿಸುವ ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಅಂಕ) ಇಡೀ ಕೋರ್ಸಿನ ಶೇ 30 ದಾಟುವಂತಿಲ್ಲ. 'ಅವಳಿ ಪದವಿ' ಅಂತ ಓದಿದ ತಂದೆ ವಿದೇಶದ ಪದವಿಯೂ ಬರುತ್ತದೆ ಅಂದುಕೊಂಡು ಸಾಲಕ್ಕೆ ಸಹಿ ಹಾಕಿದರೆ? ಹಾಗಾಗಿ ಈ ಪದ ಬೇಡವೇ ಬೇಡ ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಎರಡಾಗುವುದು ಓದುವ ಜಾಗ, ಪದವಿ ಅಲ್ಲ. 'ಅವಳಿ ಕಲಿಕೆ' ಅಥವಾ 'ಎರಡು ಕಡೆಯ ಓದು' ಅಂದರೆ ಹೇಗೆ? ಎರಡನೆಯದು ಸ್ವಲ್ಪ ಉದ್ದ, ಆದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಡ್ಯುಯಲ್‌ಗೆ 'ದ್ವಿಪದವಿ' ಅನ್ನೋಣ ಅಂದರೆ ಅಲ್ಲೂ ಗೊಂದಲ. ಐಐಟಿಗಳಲ್ಲಿ ಬಿ.ಟೆಕ್, ಎಂ.ಟೆಕ್ ಎರಡೂ ಸೇರಿದ ಐದು ವರ್ಷದ ಕೋರ್ಸಿಗೂ ಡ್ಯುಯಲ್ ಡಿಗ್ರಿ ಅಂತಲೇ ಹೆಸರು. ಅದೇ 2022ರಲ್ಲಿ ಏಕಕಾಲಕ್ಕೆ ಬೇರೆ ಬೇರೆ ಎರಡು ಪದವಿ ಓದಲು ಯುಜಿಸಿ ಒಪ್ಪಿತು, ಅದನ್ನೂ ಜನ ಹೀಗೇ ಕರೆಯುತ್ತಾರೆ. ನಾನು ಹೇಳುತ್ತಿರುವುದು ಒಂದೇ ವಿಷಯ ಓದಿ, ಎರಡು ದೇಶದ ಎರಡು ಸಂಸ್ಥೆಗಳಿಂದ ಬೇರೆ ಬೇರೆ ಪದವಿ ಪಡೆಯುವುದು. 'ಜೋಡಿ ಪದವಿ' ಇದಕ್ಕೆ ಸಾಕೇ?

ಇನ್ನೊಂದು ಪದ. ಐಐಟಿ ಬಾಂಬೆ ಮತ್ತು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ಸೇರಿ 2008ರಲ್ಲಿ ಶುರು ಮಾಡಿದ ಸಂಶೋಧನಾ ಅಕಾಡೆಮಿಯಲ್ಲಿ ಪಿಎಚ್‌ಡಿ ಮಾಡುವವರಿಗೆ ಎರಡೂ ಕಡೆ ಗೈಡ್ ಇರುತ್ತಾರೆ. 'ಸಹ ಮಾರ್ಗದರ್ಶಕ' ಅಂದರೆ ಒಬ್ಬರು ಮುಖ್ಯ, ಇನ್ನೊಬ್ಬರು ಸಹಾಯಕ್ಕೆ ಅನ್ನುವ ಹಾಗೆ ಕೇಳುತ್ತದೆ. ಇಬ್ಬರೂ ಸಮ ಅಂತ ತಿಳಿಯುವ ಪದ ಬೇಕು. ನಿಮ್ಮ ಕಾಲೇಜಿನಲ್ಲಿ ಏನು ಬಳಸುತ್ತೀರಿ, ದಯವಿಟ್ಟು ಬರೆಯಿರಿ. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಳ್ಳುತ್ತೇನೆ.