ಗಾಲ್ಫ್: ಡ್ರೈವರ್ ಹೊಡೆತ ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತಿದೆ, ದೋಷ ಎಲ್ಲಿದೆ?

ತೊಗರಿಹೊಲ (ಕಲಬುರಗಿ):

ನಮಸ್ಕಾರ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಗಾಲ್ಫ್ ಕಲಿತವನು ನಾನು. ಎರಡು ವರ್ಷಗಳ ಹಿಂದೆ ಊರಿಗೆ ಮರಳಿದ ಮೇಲೆ ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಆಡುತ್ತೇನೆ. ಅಭ್ಯಾಸವೆಲ್ಲ ನಮ್ಮ ಹೊಲದಲ್ಲೇ ನಡೆಯುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಮುಂಗಾರಿನವರೆಗೆ ಹೊಲ ಖಾಲಿ ಇರುವುದರಿಂದ, ಕುರಿಯವರು ಬರುವ ಮುನ್ನ, ಬೆಳಗಿನ ಒಂದೂವರೆ ಗಂಟೆ ಹಳೆಯ ಚೆಂಡುಗಳನ್ನು ಹೊಡೆದು ನಾನೇ ಆರಿಸಿ ತರುತ್ತೇನೆ.

ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಹೊಡೆತಗಳು ತಕ್ಕಮಟ್ಟಿಗೆ ನೇರವಾಗಿ ಹೋಗುತ್ತವೆ. ದೂರ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಹಿಡಿದರೆ ಮಾತ್ರ ಚೆಂಡು ಗುರಿಗಿಂತ ಸ್ವಲ್ಪ ಎಡಕ್ಕೆ ಹೊರಟು, ಅರ್ಧ ದಾರಿಯಲ್ಲಿ ಬಲಕ್ಕೆ ಬಾಗಿ, ಪಕ್ಕದ ಹೊಲದ ಬದುವಿನಾಚೆ ಬೀಳುತ್ತದೆ. ಗುರಿಯ ಗೆರೆಯಿಂದ ಹೆಜ್ಜೆ ಹಾಕಿ ಅಳೆದಾಗ 40 ಹೆಜ್ಜೆ ಬಂತು. ನಾನು ಬಲಗೈ ಆಟಗಾರ, ಡ್ರೈವರಿನ ಲಾಫ್ಟ್ (ಮುಖದ ಓರೆ) 10.5 ಡಿಗ್ರಿ, ಬೇರೆಯವರು ಬಳಸಿದ್ದನ್ನು ಕೊಂಡದ್ದು. ಚೆಂಡು ಬಲಕ್ಕೆ ಹೋಗುತ್ತದೆಂದು ಇನ್ನಷ್ಟು ಎಡಕ್ಕೆ ತಿರುಗಿ ನಿಂತು ನೋಡಿದೆ, ಬಾಗು ಹೆಚ್ಚಾಯಿತು. ಹಿಂದೆ ಕಲಿಸಿದವರೊಬ್ಬರು ತಲೆ ಎತ್ತುವುದೇ ತಪ್ಪೆಂದು ಹೇಳಿದ್ದರಿಂದ ಒಂದು ವರ್ಷ ತಲೆ ಬಗ್ಗಿಸಿಕೊಂಡೇ ಹೊಡೆದೆ. ಬೆನ್ನುನೋವು ಬಂತು, ಬಲಕ್ಕೆ ಬಾಗುವ ಈ ಸ್ಲೈಸ್ ಹೋಗಲಿಲ್ಲ. ಎಲ್ಲಿಂದ ತಿದ್ದಲು ಶುರು ಮಾಡಬೇಕು?

ಶಹಾಬಾದಿಕಲ್ಲು:

ಎಡಕ್ಕೆ ತಿರುಗಿ ನಿಲ್ಲುವುದನ್ನು ಇವತ್ತೇ ಬಿಟ್ಟುಬಿಡಿ. ಅದೇ ನಿಮ್ಮ ರೋಗವನ್ನು ಬೆಳೆಸುತ್ತಿದೆ.

ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು, ಅಂದರೆ ಐದರಲ್ಲಿ ನಾಲ್ಕು ಪಾಲು, ತಾಗುವ ಕ್ಷಣದಲ್ಲಿ ಡ್ರೈವರಿನ ಮುಖ ಎತ್ತ ನೋಡುತ್ತಿದೆ ಎಂಬುದು ನಿರ್ಧರಿಸುತ್ತದೆ. ಅದು ಎಷ್ಟು ಬಾಗುತ್ತದೆ ಎಂಬುದು ಆ ಮುಖಕ್ಕೂ ಕ್ಲಬ್ ಬೀಸಿ ಬರುವ ದಾರಿಗೂ ನಡುವಿನ ಅಂತರವನ್ನು ಅವಲಂಬಿಸಿದೆ. ಚೆಂಡು ಬೀಸಿನ ದಾರಿಯಲ್ಲೇ ಹೊರಟು ಕೊನೆಗೆ ಮುಖ ನೋಡಿದತ್ತ ಬಾಗುತ್ತದೆಂದು ಹಿಂದೆ ಕಲಿಸುತ್ತಿದ್ದರು. ರಾಡಾರ್ ಯಂತ್ರಗಳು ಬಂದು ಅಳೆದ ಮೇಲೆ ಅದು ತಪ್ಪೆಂದು ಗೊತ್ತಾಯಿತು. ನಿಮ್ಮ ಚೆಂಡು ಸ್ವಲ್ಪ ಎಡಕ್ಕೆ ಹೊರಡುತ್ತದೆ ಎಂದಮೇಲೆ ಮುಖ ಸ್ವಲ್ಪ ಎಡಕ್ಕಿದೆ, ಆದರೆ ಬೀಸಿನ ದಾರಿ ಅದಕ್ಕಿಂತಲೂ ಬಹಳ ಎಡಕ್ಕೆ, ಹೊರಗಿನಿಂದ ಒಳಕ್ಕೆ, ಕೊಯ್ದುಕೊಂಡು ಬರುತ್ತಿದೆ. ನೀವು ಎಡಕ್ಕೆ ತಿರುಗಿದಷ್ಟೂ ಭುಜಗಳು ತೆರೆದುಕೊಂಡು ಆ ಕೊಯ್ತ ಜೋರಾಗುತ್ತದೆ.

ಐರನ್ ನೇರವಾಗಿ ಹೋಗಿ ಡ್ರೈವರ್ ಮಾತ್ರ ಕೈಕೊಡುವುದಕ್ಕೂ ಕಾರಣವಿದೆ. ಡ್ರೈವರಿಗೆ ಚೆಂಡನ್ನು ಎಡ ಹಿಮ್ಮಡಿಯ ಒಳಬದಿಗೆ ಸರಿಯಾಗಿ, ಅಂದರೆ ಬಹಳ ಮುಂದೆ, ಇಡುತ್ತೇವೆ. ಅಷ್ಟು ಮುಂದಿರುವ ಚೆಂಡಿನತ್ತ ಬಲಗೈ ಚಾಚುವಾಗ ನಮಗೆ ತಿಳಿಯದಂತೆಯೇ ಬಲಭುಜ ಮುಂದೆ ಬಂದುಬಿಡುತ್ತದೆ. ಕಾಲುಗಳು ನೆಟ್ಟಗಿದ್ದರೂ ಭುಜಗಳು ಎಡಕ್ಕೆ ನೋಡುತ್ತಿರುತ್ತವೆ. ಸಾಲದ್ದಕ್ಕೆ ಲಾಫ್ಟ್ ಕಡಿಮೆ ಇರುವ ಕ್ಲಬ್ಬಿನಲ್ಲಿ ಹಿಮ್ಮುಖ ಸುತ್ತು ಕಡಿಮೆಯಾದ್ದರಿಂದ ಪಕ್ಕದ ಬಾಗು ಎದ್ದು ಕಾಣುತ್ತದೆ. ಅದೇ ತಪ್ಪನ್ನು ಲಾಫ್ಟ್ ಹೆಚ್ಚಿರುವ ಒಂಬತ್ತನೆಯ ಐರನ್ ಮುಚ್ಚಿಡುತ್ತದೆ.

ಮೊದಲು ಹಿಡಿತ ನೋಡಿಕೊಳ್ಳಿ. ಎಡಗೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದರೆ ಎರಡೂವರೆ ಗೆಣ್ಣು ಕಾಣುವಂತೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಬಲಭುಜವನ್ನು ತೋರಿಸುವಂತೆ ಹಿಡಿಯಿರಿ. ಆಮೇಲೆ ಚೆಂಡಿನ ಆಚೆಬದಿಗೆ ನಾಲ್ಕು ಬೆರಳು ದೂರದಲ್ಲಿ, ಗುರಿಯ ಗೆರೆಗೆ ಸಮಾಂತರವಾಗಿ, ಒಂದು ಜೋಳದ ದಂಟನ್ನು ಮಲಗಿಸಿ. ಹೊರಗಿನಿಂದ ಬರುವ ಕ್ಲಬ್ ದಂಟನ್ನು ಹಾರಿಸುತ್ತದೆ. ದಂಟು ಉಳಿಯಬೇಕು, ಚೆಂಡು ಹೋಗಬೇಕು. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಜಿಗಿಸುವಾಗ ಬಲಮೊಣಕೈ ಪಕ್ಕೆಗೆ ಅಂಟಿಕೊಂಡು ಮುಂದೆ ಬಂದು, ಅಂಗೈ ಆಮೇಲೆ ಬರುತ್ತದಲ್ಲ, ಇಳಿಯುವ ಬೀಸಿನಲ್ಲಿ ಬಲಗೈ ಬರಬೇಕಾದ ಬಗೆ ಅದೇ.

ಕೋಟೆದಾರಿ (ಬೀದರ್):

ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಉಳಿದಿದೆ. ಎಡಕ್ಕೆ ಹೊರಟು ಬಲಕ್ಕೆ ಬಾಗುವ ಚೆಂಡಿಗೆ ಬೀಸಿನ ದಾರಿಯೊಂದೇ ಕಾರಣವಾಗಬೇಕಿಲ್ಲ.

ಡ್ರೈವರಿನ ಮುಖ ಚಪ್ಪಟೆಯಲ್ಲ, ಅಡ್ಡಲಾಗಿ ಸ್ವಲ್ಪ ಉಬ್ಬಿದೆ. ಹಾಗಾಗಿ ಶಾಫ್ಟಿಗೆ (ಕ್ಲಬ್ಬಿನ ಕೋಲಿಗೆ) ಹತ್ತಿರದ ಹೀಲ್ ಭಾಗಕ್ಕೆ ತಾಗಿದ ಚೆಂಡು ಎಡಕ್ಕೆ ಹೊರಡುತ್ತದೆ. ತಾಗಿದ ಪೆಟ್ಟಿಗೆ ಕ್ಲಬ್ಬಿನ ತಲೆ ತುಸು ತಿರುಗುವುದರಿಂದ, ಹಲ್ಲುಚಕ್ರಗಳು ಒಂದನ್ನೊಂದು ತಿರುಗಿಸುವಂತೆ, ಚೆಂಡಿಗೆ ಬಲಕ್ಕೆ ಬಾಗುವ ಸುತ್ತು ಸಿಗುತ್ತದೆ. ಕಣ್ಣಿಗೆ ಎರಡು ದೋಷಗಳೂ ಒಂದೇ ಥರ ಕಾಣುತ್ತವೆ. ನಾನು ಇದನ್ನು ತಿಳಿಯದೆ ಎಂಟು ತಿಂಗಳು ಬೀಸಿನ ದಾರಿಯನ್ನು ತಿದ್ದುತ್ತ ಕುಳಿತಿದ್ದೆ. ಆ ಎಂಟು ತಿಂಗಳು ನಿಮಗೆ ಉಳಿಯಲೆಂದೇ ಇಷ್ಟು ಬರೆಯುತ್ತಿದ್ದೇನೆ.

ಸೀಮೆಸುಣ್ಣವನ್ನು ಪುಡಿ ಮಾಡಿ, ಒದ್ದೆ ಬಟ್ಟೆಗೆ ಹಚ್ಚಿಕೊಂಡು ಡ್ರೈವರಿನ ಮುಖಕ್ಕೆ ತೆಳ್ಳಗೆ ಸವರಿ ಒಣಗಿಸಿ. ಪ್ರತಿ ಹೊಡೆತದ ಬಳಿಕ ಬಿಳುಪಿನಲ್ಲಿ ಚೆಂಡಿನ ಗುಂಡು ಗುರುತು ಮೂಡುತ್ತದೆ. ಹತ್ತು ಹೊಡೆತಗಳ ಗುರುತನ್ನು ಕಾಗದದಲ್ಲಿ ಬರೆದುಕೊಳ್ಳಿ, ಒಂದೆರಡು ಹೊಡೆತ ನೋಡಿ ತೀರ್ಮಾನಕ್ಕೆ ಬರಬೇಡಿ. ಗುರುತುಗಳು ನಡುವಿನಲ್ಲಿದ್ದರೆ ಮೇಲಿನವರ ಮದ್ದು ಸಾಕು.

ತೊಗರಿಹೊಲ (ಕಲಬುರಗಿ):

ಹನ್ನೆರಡು ದಿನಗಳ ಬಳಿಕ ಬರೆಯುತ್ತಿದ್ದೇನೆ. ಹತ್ತರಲ್ಲಿ ಏಳು ಗುರುತುಗಳು ನಡುವಿನಿಂದ ಎರಡು ಬೆರಳು ಹೀಲಿನ ಕಡೆಗೆ ಬಿದ್ದವು. ಒಂದಂತೂ ಅಂಚಿಗೇ ತಾಗಿತ್ತು. ಚೆಂಡಿನಿಂದ ಸ್ವಲ್ಪ ಹಿಂದೆ ಸರಿದು ನಿಂತೆ, ಗುರುತು ಅಲ್ಲೇ ಇತ್ತು. ಆಮೇಲೆ ಬೂಟು ಕಳಚಿ ಬರಿಗಾಲಲ್ಲಿ ನಿಂತಾಗ ಗೊತ್ತಾಯಿತು: ನಾನು ನಿಲ್ಲುವ ಜಾಗ ಮುಂದೆ ಹಳ್ಳದ ಕಡೆಗೆ ಸ್ವಲ್ಪ ಇಳಿಜಾರಾಗಿದೆ, ಬೀಸುವಾಗ ಭಾರವೆಲ್ಲ ಕಾಲ್ಬೆರಳಿಗೆ ಇಳಿದು ಮೈ ಚೆಂಡಿನತ್ತ ವಾಲುತ್ತದೆ. ಎರೆಮಣ್ಣಿನಲ್ಲಿ ಎರಡೂ ಪಾದದ ಗುರುತು ಮುಂಗಾಲಲ್ಲಿ ಆಳವಾಗಿ, ಹಿಮ್ಮಡಿಯಲ್ಲಿ ಬರೀ ಗೀರಾಗಿ ಮೂಡಿತ್ತು.

ಸಮತಟ್ಟಾದ ಜಾಗಕ್ಕೆ ಬಂದು, ಭಾರವನ್ನು ಪಾದದ ನಡುವೆ ಇಟ್ಟು, ಹಿಡಿತ ಬದಲಿಸಿ ಹೊಡೆಯುತ್ತಿದ್ದೇನೆ. 40 ಹೆಜ್ಜೆಯ ಬಾಗು ಈಗ 15ಕ್ಕೆ ಇಳಿದಿದೆ. ದಂಟು ಮಾತ್ರ ಐದಕ್ಕೆ ಎರಡು ಬಾರಿ ಇನ್ನೂ ಹಾರುತ್ತಿದೆ. ಹೊಸ ತೊಂದರೆಯೊಂದು ಬಂದಿದೆ: ಆಗಾಗ ಚೆಂಡು ನೆಟ್ಟಗೆ ಆಕಾಶಕ್ಕೆ ಎದ್ದು ಹತ್ತಿರದಲ್ಲೇ ಬೀಳುತ್ತದೆ, ಡ್ರೈವರಿನ ನೆತ್ತಿಯ ಮೇಲೆ ಗೀರು ಬಿದ್ದಿದೆ. ಚೆಂಡು ಕೂರಿಸುವ ಗೂಟವಾದ ಟೀಯನ್ನು ತಗ್ಗಿಸಲೇ? ಶಾಫ್ಟ್ ಬದಲಿಸಬೇಕೇ?

ಕೋಟೆದಾರಿ (ಬೀದರ್):

ಪಾದದ ಗುರುತನ್ನು ನೀವೇ ಕಂಡುಹಿಡಿದದ್ದು ಬಹಳ ಸಂತೋಷ ತಂದಿತು.

ಟೀ ತಗ್ಗಿಸಬೇಡಿ. ನೆತ್ತಿಗೆ ಗೀರು ಬೀಳುವುದು ಕ್ಲಬ್ ಮೇಲಿನಿಂದ ಕಡಿದಾಗಿ ಇಳಿಯುತ್ತಿರುವುದರಿಂದ. ದಂಟು ಹಾರುವುದಕ್ಕೂ ಇದಕ್ಕೂ ಬೇರು ಒಂದೇ. ಟೀ ತಗ್ಗಿದರೆ ಇನ್ನಷ್ಟು ಕಡಿಯುವ ಅಭ್ಯಾಸವಾಗುತ್ತದೆ. ಡ್ರೈವರನ್ನು ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ನೆತ್ತಿಗಿಂತ ಮೇಲೆ ಕಾಣಬೇಕು. ನಿಲ್ಲುವಾಗಲೇ ಬಲಭುಜ ಎಡಭುಜಕ್ಕಿಂತ ತಗ್ಗಿನಲ್ಲಿರಲಿ, ಬೆನ್ನೆಲುಬು ಗುರಿಯಿಂದ ಸ್ವಲ್ಪ ಹಿಂದಕ್ಕೆ ವಾಲಿರಲಿ. ಆಗ ಕ್ಲಬ್ ಬೀಸಿನ ತೀರ ತಗ್ಗಿನ ಜಾಗ ದಾಟಿ ಮೇಲೇಳುತ್ತ ಚೆಂಡನ್ನು ಮುಟ್ಟುತ್ತದೆ. ಇನ್ನೊಂದು ವಿಷಯ: ಬೇಸಿಗೆಯಲ್ಲಿ ಎರೆಮಣ್ಣು ಕಲ್ಲಿನಂತಾಗಿ ಟೀ ಒಂದು ದಿನ ಒಂದಿಂಚು, ಮರುದಿನ ಅರ್ಧ ಇಂಚು ಇಳಿಯುತ್ತದೆ. ಹಿಂದಿನ ಸಂಜೆ ಗೇಣಗಲ ಜಾಗಕ್ಕೆ ನೀರು ಹಾಕಿಡಿ, ಟೀಗೆ ದಾರ ಸುತ್ತಿ ಎತ್ತರದ ಗುರುತು ಮಾಡಿಕೊಳ್ಳಿ.

ಶಾಫ್ಟಿಗೆ ಹಣ ಹಾಕುವ ಕಾಲ ಇದಲ್ಲ. ಕುತ್ತಿಗೆಯಲ್ಲಿ ತಿರುಪು ಇರುವ ಡ್ರೈವರಾಗಿದ್ದರೆ ಲಾಫ್ಟನ್ನು ಒಂದೂವರೆ ಡಿಗ್ರಿ ಏರಿಸಿ ನೋಡಬಹುದು; ಮುಖ ತುಸು ಮುಚ್ಚಿಕೊಂಡು, ಅಂದರೆ ಎಡಕ್ಕೆ ತಿರುಗಿ, ಸ್ಲೈಸಿಗೆ ಅನುಕೂಲವಾಗುತ್ತದೆ. ರಬ್ಬರ್ ಹಿಡಿ ಹಳೆಯದಾಗಿ ಹೊಳೆಯುತ್ತಿದ್ದರೆ ಅದನ್ನು ಖಂಡಿತ ಬದಲಿಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಬೆವರಿದ ಕೈ ಜಾರುವ ಹಿಡಿಯನ್ನು ಬಿಗಿಯುತ್ತದೆ, ಬಿಗಿದ ಮುಂಗೈ ತಿರುಗುವುದಿಲ್ಲ, ಮುಖ ತೆರೆದೇ, ಅಂದರೆ ಬಲಕ್ಕೆ ನೋಡುತ್ತಲೇ, ಉಳಿಯುತ್ತದೆ.

ಶಹಾಬಾದಿಕಲ್ಲು:

ಹೀಲ್ ಪರೀಕ್ಷೆಯನ್ನು ನಾನು ಮೊದಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ: ಒಂದು ತಿಂಗಳು ಮುಕ್ಕಾಲು ವೇಗದಲ್ಲೇ ಹೊಡೆಯಿರಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಮುಗಿಸಿದ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ. ಆದರೂ ಪದಕದ ಹೊಸ್ತಿಲವರೆಗೆ ಹೋದರು. ಗಾಳಿ ಇಲ್ಲದ ಬೆಳಗನ್ನೇ ಆರಿಸಿಕೊಳ್ಳಿ, ಎದುರುಗಾಳಿಯಲ್ಲಿ ಚಿಕ್ಕ ಬಾಗೂ ದೊಡ್ಡದಾಗಿ ಕಂಡು ದಾರಿ ತಪ್ಪಿಸುತ್ತದೆ. ಮುಂದಿನ ಸಲ ಹೈದರಾಬಾದಿನಲ್ಲಿ ಆಡಿದಾಗ ಡ್ರೈವರ್ ಹೊಡೆದ ಪ್ರತಿ ಬಾರಿಯೂ ಚೆಂಡು ಹೊರಟ ದಿಕ್ಕು, ಬಿದ್ದ ಜಾಗ, ಮುಖದ ಗುರುತು, ಮೂರನ್ನೂ ಬರೆದುಕೊಂಡು ಬಂದು ಇಲ್ಲಿ ಹಾಕಿ.