ಹೊಲ ಮಾರುವಾಗ ನೆಲದೊಳಗಿನ ಬಸಿಗಾಲುವೆ ಪೈಪಿನ ವಿಷಯ ಹೇಳಲೇಬೇಕಾ?

ಪ್ರಶ್ನೆ (ಸಿಂಧನೂರು ಹುಡುಗ):
ನಮಸ್ಕಾರ. ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದು 8 ಎಕರೆ ಎರೆ ಹೊಲ, ತುಂಗಭದ್ರಾ ಎಡದಂಡೆ ಕಾಲುವೆ ನೀರು. ವರ್ಷಕ್ಕೆ ಎರಡು ಸಲ ಭತ್ತ ಹಾಕಿ ಹಾಕಿ ಕೆಳಗಿನ ಭಾಗ ನೀರು ಇಂಗದೆ ಜವಳು ಹಿಡಿದಿತ್ತು, ಬೇಸಿಗೆಯಲ್ಲಿ ಉಪ್ಪು ಬೆಳ್ಳಗೆ ಮೇಲೆ ಬರುತ್ತಿತ್ತು. ಹತ್ತು ವರ್ಷದ ಹಿಂದೆ ಅಪ್ಪ ತೂತಿನ ಪೈಪಿಗೆ ಬಲೆ ಸುತ್ತಿಸಿ ಮೂರೂವರೆ ಅಡಿ ಆಳಕ್ಕೆ ಹೂಳಿಸಿ, ಬಸಿ ನೀರು ಹಳ್ಳಕ್ಕೆ ಹೋಗುವ ಹಾಗೆ ಮಾಡಿದರು. ಈಗ ಬೆಳೆ ಚೆನ್ನಾಗಿ ಬರುತ್ತಿದೆ. ತಂಗಿ ಮದುವೆಗೆ ಅಂತ ಕೆಳಗಿನ 4 ಎಕರೆ ಮಾರುತ್ತಿದ್ದೇವೆ, ಮೇಲಿನ 4 ನಮಗೇ ಇರುತ್ತದೆ. ಪೈಪಿನ ಮಾತೆತ್ತಿದರೆ ಸವಳು (ಉಪ್ಪಿನ) ಭೂಮಿ ಅಂತ ರೇಟು ಇಳಿಸುತ್ತಾರೆ, ಸುಮ್ನಿರಿ ಅಂತಾನೆ ದಲ್ಲಾಳಿ. ಪಹಣಿಯಲ್ಲಾಗಲಿ ಇಸಿಯಲ್ಲಾಗಲಿ (ಋಣಭಾರ ಪತ್ರ) ಇದು ಎಲ್ಲೂ ಇಲ್ಲ. ಏನು ಮಾಡಲಿ?

ಕಾರಟಗಿ ರೈತ:
ಹೇಳಿಬಿಡಿ ತಮ್ಮಾ. ನಾನು ಹೇಳದೆ ಮಾರಿದವರ ಹತ್ತಿರ ಕೊಂಡವನು. ಎರಡನೇ ವರ್ಷ ಕೃಷಿ ಹೊಂಡ ತೆಗೆಸಲು ಜೆಸಿಬಿ ತರಿಸಿದೆ, ಬಕೆಟ್ಟಿನಲ್ಲಿ ಬಲೆ ಸುತ್ತಿದ ಪೈಪಿನ ತುಂಡು ಬಂತು, ಯಾವುದೋ ಹಳೇ ನೀರಿನ ಲೈನು ಅಂದುಕೊಂಡು ಮಣ್ಣು ಒತ್ತಿ ಮುಚ್ಚಿಸಿದೆ. ಬಸಿ ನೀರು ಹೋಗಲು ದಾರಿ ಇಲ್ಲದೆ, ಮುಂದಿನ ಬೇಸಿಗೆಗೆ ಆ ಸಾಲಿನ ಮೇಲ್ಗಡೆ ನೆಲವೆಲ್ಲ ಸುಣ್ಣ ಬಳಿದ ಹಾಗಾಯಿತು. ಕಾಲಿಟ್ಟರೆ ಮೇಲೆ ಪುಡಿ ಪುಡಿ, ಒಳಗೆ ಹಸಿ ಕೆಸರು. ನಾಟಿ ಮಾಡಿದ ಸಸಿಯ ತುದಿ ಸುಟ್ಟು ಹೋಯಿತು. ಮೊದಲೇ ಒಂದು ಮಾತು ಹೇಳಿದ್ದರೆ ಹೊಂಡವನ್ನು ಹತ್ತು ಮಾರು ಆಚೆ ತೆಗೆಸುತ್ತಿದ್ದೆ, ಅಷ್ಟೇ.

ವಕೀಲ, ರಾಯಚೂರು:
1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55(1)(ಎ) ನೋಡಿ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಹೇಳಲೇಬೇಕು, ಹೇಳದಿದ್ದರೆ ಅದು ಮೋಸ ಅಂತ ಅದೇ ಕಲಂನಲ್ಲಿದೆ. ಪೈಪು ದೋಷ ಅಲ್ಲ, ಪರಿಹಾರ ಅಂತ ವಾದಿಸಬಹುದು. ಆದರೆ ಪೈಪು ಕೆಟ್ಟರೆ ಭೂಮಿ ಮತ್ತೆ ಜವಳಾಗುತ್ತದೆ ಅನ್ನೋದು ನಿಮಗೆ ಗೊತ್ತಿದೆ ಅಲ್ವಾ?

ಇದರಲ್ಲಿ ನಿಮ್ಮ ಹಿತವೂ ಇದೆ. ಮೇಲಿನ 4 ಎಕರೆಯ ಬಸಿ ನೀರು ಇನ್ನು ಮುಂದೆ ಅವರ ಹೊಲದೊಳಗಿಂದ ಹೋಗಬೇಕು. ನಾಳೆ ಅವರು ಚೇಂಬರ್ (ಪೈಪುಗಳು ಕೂಡುವ ಗುಂಡಿ) ಮುಚ್ಚಿದರೆ ಏನು ಮಾಡುತ್ತೀರಿ? ಅನುಭೋಗದ ಹಕ್ಕಿನ (ಬೇರೆಯವರ ಜಮೀನಿನ ಮೂಲಕ ನೀರು, ದಾರಿ ಪಡೆಯುವ ಈಸ್‌ಮೆಂಟ್ ಹಕ್ಕು) ಕಾಯ್ದೆಯ 13ನೇ ಕಲಂ ನೆರವಿಗೆ ಬರಬಹುದು, ಆದರೆ ಅದರಲ್ಲಿ ಕಣ್ಣಿಗೆ ಕಾಣುವಂಥದ್ದಾಗಿರಬೇಕು ಅಂತಿರೋದರಿಂದ, ಹೂತ ಪೈಪು ಹಾಗೆ ಕಾಣುವಂಥದ್ದೇ ಅನ್ನೋದರ ಮೇಲೆ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂರಬೇಕಾಗುತ್ತದೆ. ನೀರು ಹರಿಯುವ ಹಕ್ಕು, ರಿಪೇರಿಗೆ ಒಳಗೆ ಹೋಗುವ ಹಕ್ಕು, ಪೈಪಿನ ಮೇಲೆ ಹೊಂಡ ತೋಡಬಾರದು ಅನ್ನೋ ಷರತ್ತು, ಇಷ್ಟನ್ನೂ ಕ್ರಯಪತ್ರದಲ್ಲೇ ಬರೆಸಿ. ಬಾಯಿಮಾತು ಬೇಡ.

ಗಂಗಾವತಿ ಕಡೆಯವನು:
ನಕ್ಷೆ ಕಳೆದಿದ್ದರೆ ಹೊಸದು ಮಾಡಿಕೊಳ್ಳಿ. ಚೇಂಬರ್‌ನಿಂದ ಚೇಂಬರ್‌ಗೆ, ಬಾಂದು ಕಲ್ಲಿನಿಂದ ಟೇಪು ಹಿಡಿದು ಅಳೆದು ಬರೆದಿಡಿ. ಮಣ್ಣು ಪರೀಕ್ಷೆಯನ್ನೂ ಮಾಡಿಸಿ, ಲವಣಾಂಶ 4 ಡೆಸಿಸೀಮನ್ಸ್/ಮೀಟರ್‌ಗಿಂತ ಕಡಿಮೆ ಬಂದರೆ ಆ ಚೀಟಿಯನ್ನೇ ಕೊಳ್ಳುವವರ ಕೈಗೆ ಕೊಡಿ. ನೀರು ಬಿಟ್ಟಾಗ ಹಳ್ಳದ ಹತ್ತಿರ ಕರೆದುಕೊಂಡು ಹೋಗಿ ಪೈಪಿನ ಬಾಯಿ ತೋರಿಸಿ. ಉಪ್ಪು ನೀರು ಹೊರಗೆ ಬೀಳೋದನ್ನು ಕಣ್ಣಾರೆ ಕಂಡವರು ರೇಟು ಇಳಿಸೋದಿಲ್ಲ.

ಸಿಂಧನೂರು ಹುಡುಗ:
ಎಲ್ಲರಿಗೂ ಧನ್ಯವಾದ. ದಲ್ಲಾಳಿಗೆ ಆಗಲ್ಲ ಅಂದೆ. ಭಾನುವಾರ ಕೊಳ್ಳುವವರನ್ನು ಹೊಲಕ್ಕೆ ಕರೆದಿದ್ದೇನೆ, ಅಪ್ಪನೂ ಬರುತ್ತಾರೆ. ಯಾವ ಪೈಪು ಎಲ್ಲಿ ಸೇರುತ್ತದೆ ಅನ್ನೋದು ಅವರೊಬ್ಬರಿಗೇ ಗೊತ್ತು.