ವಾಟ್ಸಾಪ್ ಗುಂಪಿನ್ಯಾಗ ಚರ್ಚೆ ನಿಲ್ಲವಲ್ದು, ಬ್ಲಾಗ್ ಮಾಡಿದ್ರ ನಡೀತದೇನ್ರಿ?

ಬಿಸಿಲನಾಡು (ರಾಯಚೂರು):
ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಸುಮಾರು 30 ಮಂದಿ ಅದೀವಿ. ಕಾಲುವೆ ನೀರು, ಬತ್ತದ ರೇಟು, ಊರಿನ ಹಳೇ ಶಾಸನ, ಇವೇ ಮಾತು. ವಾಟ್ಸಾಪ್ ಗುಂಪೂ ಅದ, ಫೇಸ್‌ಬುಕ್ಕೂ ಅದ. ಮುಂಜಾನೆ ಯಾರರೆ ಛಲೋ ಪ್ರಶ್ನೆ ಹಾಕಿದ್ರ ಮಧ್ಯಾಹ್ನಕ್ಕ ಅದರ ಮ್ಯಾಲ ಹತ್ತು ಶುಭೋದಯ, ಎರಡು ಹುಟ್ಟುಹಬ್ಬ ಬಿದ್ದಿರ್ತಾವ. ಉದ್ದಕ್ಕ ಬರೆಯೋ ಬ್ಲಾಗಿಗೆ ಹೋದ್ರ ಖರೇನ ಮಾತುಕತೆ ಆಗ್ತದೇನು, ಇಲ್ಲಾ ಓದೋರಿಲ್ಲದ ಕಡೆ ಬರೆದಂಗ ಆಗ್ತದೇನು? ಎಲ್ಲರೂ ಮೊಬೈಲಿನ್ಯಾಗ ಬರೆಯೋರು. ರೊಕ್ಕ ಹಾಕೋ ವಿಚಾರ ಇಲ್ಲ.

ಎಡದಂಡೆ (ಕಾರಟಗಿ):
ಮೊದಲು ಯಾವ ಮಾತಿಗೆ ಯಾವ ಜಾಗ ಅನ್ನೋದು ಬೇರೆ ಮಾಡ್ರಿ. "ಇವತ್ತ ಕಾಲುವಿಗೆ ನೀರು ಬಿಟ್ಟಾರೇನು?" ಇದಕ್ಕ ವಾಟ್ಸಾಪೇ ಸರಿ. ಹೌದು, ಇಲ್ಲ, ಮುಗೀತು.

ಆದ್ರ ಡ್ಯಾಮಿನ ಹೂಳಿನ ವಿಚಾರ ತಗೋರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದ್ದು ಚೈನು ಕಡಿದು ಕೊಚ್ಚಿಕೊಂಡು ಹೋದಾಗ ಎಲ್ಲಾರ ಮೊಬೈಲಿಗೂ ಅದs ವಿಡಿಯೋ. ಜೊತೀಗೆ "ಹೂಳು ತೆಗೀರಿ" ಅನ್ನೋ ಒಂದು ಸಾಲು. ಅದಕ್ಕ ಲೈಕ್ ಒತ್ತಬಹುದು, ಬೈಬಹುದು, ಬೇರೆ ಏನು ಮಾಡ್ತೀರಿ? ಕೂತು ಬರೆದ್ರ ಹಿಂಗಾಗತೈತಿ: ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಈಗಿನ ಲೆಕ್ಕ 105.788. ಹೋಗಿದ್ದು 27 ಟಿಎಂಸಿ. ಒಂದು ಟಿಎಂಸಿ ಅಂದ್ರ 2.83 ಕೋಟಿ ಘನ ಮೀಟರ್, ಒಟ್ಟು 76 ಕೋಟಿ ಘನ ಮೀಟರ್ ಹೂಳು. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿದ್ರೂ ಏಳೂವರೆ ಕೋಟಿ ಲೋಡ್. ಎಲ್ಲಿ ಸುರೀತೀರಿ? ಈಗ ಓದಿದವ "ನಿಮ್ಮ 10 ಘನ ಮೀಟರ್ ಕಡಿಮಿ ಆತು" ಅಂತನೋ, "ಹಂಗಾದ್ರ ನವಲಿ ಹತ್ರ ಕಟ್ಟಬೇಕಂತಿರೋ ಸಮಾನಾಂತರ ಜಲಾಶಯವೇ ಪಾಡು" ಅಂತನೋ ಹಿಡಿದು ಕೇಳ್ತಾನ. ಲೆಕ್ಕ ಬಿಚ್ಚಿಟ್ಟಲ್ಲಿ ತಪ್ಪು ಹಿಡಿಯಾಕ ಜಾಗ ಸಿಗತೈತಿ. ಉದ್ದ ಬರಹದ ಲಾಭ ಇಷ್ಟs. ಲೆಕ್ಕ ಇಲ್ದ ಬರೇ ಉದ್ದ ಬರೆದ್ರ ಅದು ಭಾಷಣ.

ಕೋಟೆಕಲ್ಲು (ಬಳ್ಳಾರಿ):
ಎಕ್ಸ್‌ನಲ್ಲಿ ಬರೆಯೋಣ ಅನ್ನೋರಿಗೆ ಒಂದು ಮಾತು. ಅದು ಟ್ವಿಟರ್ ಆಗಿದ್ದಾಗ 2017ರಲ್ಲಿ ಒಂದು ಪೋಸ್ಟಿನ ಮಿತಿ 140 ಕ್ಯಾರೆಕ್ಟರ್ ಇದ್ದದ್ದನ್ನ 280 ಮಾಡ್ತು, ದುಡ್ಡು ಕಟ್ಟದವರಿಗೆ ಈಗಲೂ ಅಷ್ಟೇ. ಆದರೆ ಅದು ನಮ್ಮ ಅಕ್ಷರ ಎಣಿಸಲ್ಲ. 'ತುಂಗಭದ್ರಾ' ಕಣ್ಣಿಗೆ ನಾಲ್ಕೇ ಅಕ್ಷರ. ಅಲ್ಲಿ ಕೊಂಬು, ಸೊನ್ನೆ, ಒತ್ತಿನ ಹಿಂದಿರೋ ಹಲಂತ, ದೀರ್ಘ ಎಲ್ಲಾ ಬೇರೆ ಬೇರೆ ಎಣಿಸಿ ಒಂಬತ್ತು. ಲಿಂಕ್ ಹಾಕಿದ್ರೆ ಇನ್ನೂ 23 ಹೋಯ್ತು. ಕನ್ನಡದಲ್ಲಿ ಮೂವತ್ತು ಚಿಲ್ಲರೆ ಪದಕ್ಕೆ ಬಾಗಿಲು ಮುಚ್ಚುತ್ತೆ.

ದುಡ್ಡಿಲ್ಲದೆ ಬ್ಲಾಗ್ ಬೇಕಂದ್ರೆ ಬ್ಲಾಗರ್ ಅಥವಾ ವರ್ಡ್‌ಪ್ರೆಸ್.ಕಾಮ್. ಚರ್ಚೆಯೇ ಮುಖ್ಯ ಅಂದ್ರೆ ವರ್ಡ್‌ಪ್ರೆಸ್ ತಗೊಳ್ಳಿ, ಪ್ರತಿಕ್ರಿಯೆಗೆ ಪ್ರತಿಕ್ರಿಯೆ ಹಲವು ಹಂತ ಇಳಿಯುತ್ತೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಶನ್‌ಗೆ ಹೋಗಿ ಮೂರು ಹಂತ ಇಡಿ ಸಾಕು, ಹೆಚ್ಚು ಇಟ್ರೆ ಮೊಬೈಲ್‌ನಲ್ಲಿ ಸಾಲು ಬಲಕ್ಕೆ ಸರಿದು ಸರಿದು ಒಂದೊಂದೇ ಪದ ನಿಲ್ಲುತ್ತೆ. ಅಲ್ಲೇ ಹಳೆ ಬರಹದ ಪ್ರತಿಕ್ರಿಯೆ ತಾನಾಗೇ ಮುಚ್ಚೋ ಆಯ್ಕೆ ಇದೆ, ಅದನ್ನ ಆನ್ ಮಾಡಬೇಡಿ. ಒಳ್ಳೆ ಉತ್ತರ ಎಷ್ಟೋ ಸಲ ಆರು ತಿಂಗಳಾದ ಮೇಲೆ ಬರುತ್ತೆ. ಮೊದಲನೇ ಸಲ ಬರೆಯೋರದ್ದು ಒಪ್ಪಿಗೆಗೆ ಕಾಯಲಿ, ಆಮೇಲಿಂದ ನೇರ ಹೋಗಲಿ. ಎಲ್ಲಾನೂ ತಡೆದಿಟ್ರೆ ಮಾತಿನ ಬಿಸಿ ಆರುತ್ತೆ, ಏನೂ ತಡೀದಿದ್ರೆ ಸಾಲದ ಜಾಹೀರಾತು ತುಂಬುತ್ತೆ.

30 ಜನರೊಳಗೇ ಇರಲಿ ಅಂದ್ರೆ ಬ್ಲಾಗರ್‌ನಲ್ಲಿ ಖಾಸಗಿ ಓದುಗರ ಪಟ್ಟಿ ಮಾಡಬಹುದು. ಆದ್ರೆ ಎಲ್ಲರೂ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕು, ಅರ್ಧ ಜನ ಅಲ್ಲೇ ಉದುರ್ತಾರೆ. ಬರಹಕ್ಕೊಂದು ಬೀಗ ಅನ್ನೋ ಅನುಕೂಲ 1999ರ ಲೈವ್‌ಜರ್ನಲ್ ಅನ್ನೋ ಬ್ಲಾಗ್ ತಾಣದಲ್ಲೇ ಇತ್ತು. ಅದರ ಕೋಡ್‌ನಿಂದಲೇ ಹುಟ್ಟಿದ ಡ್ರೀಮ್‌ವಿಡ್ತ್‌ನಲ್ಲಿ ಈಗಲೂ ಇದೆ, ಇದು ಎಲ್ಲರಿಗೆ, ಇದು ಇಷ್ಟು ಜನಕ್ಕೆ ಅಂತ. ಆದ್ರೆ ಪರದೆಯೆಲ್ಲಾ ಇಂಗ್ಲಿಷ್, ಮೊಬೈಲಿಗೆ ಒಗ್ಗಲ್ಲ.

ಇನ್ನೊಂದು, ಡಿಟಿಪಿ ಅಂಗಡೀಲಿ ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನ ಹಾಗೇ ಪೇಸ್ಟ್ ಮಾಡಬೇಡಿ. ಇಂಗ್ಲಿಷ್ ಗೀಚು ಬಿದ್ದಂಗೆ ಕಾಣುತ್ತೆ, ಹುಡುಕಿದ್ರೂ ಸಿಗಲ್ಲ. ಯುನಿಕೋಡ್‌ಗೆ, ಅಂದ್ರೆ ಎಲ್ಲಾ ಮೊಬೈಲ್‌ನಲ್ಲೂ ಸರಿಯಾಗಿ ಕಾಣೋ ಅಕ್ಷರ ಪದ್ಧತಿಗೆ, ಬದಲಿಸಿ ಹಾಕಿ. ಅರ್ಕಾವತ್ತು ಇರೋ ಪದ ಒಂದ್ಸಲ ನೋಡಿಬಿಡಿ, ಬದಲಿಸುವಾಗ ಕೆಡೋದು ಹೆಚ್ಚಾಗಿ ಅಲ್ಲೇ.

ಹೊಳಿದಂಡಿ (ದೇವದುರ್ಗ):
ಸೆಟ್ಟಿಂಗ್ ಎಲ್ಲ ಖರೆ ಸರ್, ಆದ್ರ ಬ್ಲಾಗುಗಳು ಖಾಲಿ ಹೊಡಿಲಿಕ್ಕೆ ಕಾರಣ ಬ್ಯಾರೆನs ಅದ. ಓದೋರನ್ನ ವಾಪಸ್ ಕರಕೊಂಡು ಬರೋ ದಾರಿ ಕಡಿದುಹೋಗ್ಯದ. ಮೊದಲು ಗೂಗಲ್ ರೀಡರ್ ಇತ್ತು, ಹೊಸ ಬರಹ ತಾನs ಬಂದು ಬೀಳ್ತಿತ್ತು. 2013ರ ಜುಲೈ 1ಕ್ಕ ಅದನ್ನ ಮುಚ್ಚಿದ್ರು. ಮಂದಿ ಫೇಸ್‌ಬುಕ್ಕಿಗೆ ಅಂಟಿಕೊಂಡ್ರು. ಹಿಂಗಾಗಿ ವಾಟ್ಸಾಪ್ ಗುಂಪು ತೆಗೀಬ್ಯಾಡ್ರಿ, ಅದನ್ನ ಡಂಗುರಕ್ಕ ಇಟ್ಕೋರಿ. ಪೂರಾ ಬರಹ ಗುಂಪಿಗೆ ಹಾಕಿದ್ರ ಚರ್ಚೆನೂ ಅಲ್ಲೇ ಆಗಿ ಅಲ್ಲೇ ಸಾಯ್ತದ. ಬರಹದೊಳಗಿನ ಒಂದು ಪ್ರಶ್ನೆ, ಕೆಳಗ ಲಿಂಕು, ಅಷ್ಟs ಹಾಕ್ರಿ. ಗುಂಪಿನ್ಯಾಗ ಯಾರರೆ ಉತ್ತರ ಕೊಟ್ರ "ಇದನ್ನ ಅಲ್ಲಿ ಹಾಕ್ರಿ" ಅನ್ರಿ. ಅವರಿಗೆ ಆಗಲಿಲ್ಲಂದ್ರ ಕೇಳಿಕೊಂಡು ನೀವs ಅವರ ಹೆಸರಲೆ ಹಾಕ್ರಿ.

ಮತ್ತ ಬರಹ ಹಾಕೋಕಿಂತ ಮೊದಲs ಇಬ್ಬರಿಗೆ ಹೇಳಿಡ್ರಿ, ಎರಡು ದಿನದಾಗ ಒಂದೊಂದು ಉತ್ತರ ಬರೀಬೇಕು ಅಂತ. "ಸೂಪರ್ ಸರ್" ನಡೆಯಂಗಿಲ್ಲ, ಬರಹದ ಒಂದು ಸಾಲು ಎತ್ತಿಕೊಂಡು ಅದಕ್ಕ ಬರೀಬೇಕು. ಖಾಲಿ ಅಂಗಳದಾಗ ಮೊದಲು ಯಾರೂ ಕುಂದ್ರಂಗಿಲ್ರಿ.

ಬಿಸಿಲನಾಡು (ರಾಯಚೂರು):
ಎಲ್ಲಾರಿಗೂ ಶರಣು. ವಾರಕ್ಕ ಎಷ್ಟು ಬರಹ ಹಾಕಬೇಕ್ರಿ?

ಎಡದಂಡೆ (ಕಾರಟಗಿ):
ಒಂದ. ಎರಡನೇದ್ದು ಹಾಕಿದ ಕೂಡಲೇ ಮೊದಲನೇದ್ದರ ಮಾತು ನಿಲ್ಲತೈತಿ. 600–800 ಪದ ಸಾಕು, ನಾಟಿ ಟೈಮಿನ್ಯಾಗ ಹದಿನೈದು ದಿನಕ್ಕೊಂದಾದ್ರೂ ನಡೀತೈತಿ.